ಮಾರ್ಥಾನ ಹೂಂ

ನಾನು ಒಂದು ಗಿಟಾರು. ಹುಟ್ಟಿದ್ದು ಕೋಲ್ಕತ್ತದ ಇಕ್ಕಟ್ಟಾದ ಓಣಿಯೊಂದರಲ್ಲಿ. ಮಾಡಿದವನು ಆರು ತಂತಿ ಬಿಗಿದು, ಲೋಕದ ಗಿಟಾರುಗಳಿಗೆಲ್ಲ ಇರುವ ಶ್ರುತಿಯನ್ನೇ ನನಗೂ ಕೊಟ್ಟು ರೈಲು ಹತ್ತಿಸಿದ. ಹುಬ್ಬಳ್ಳಿಯ ಆರ್ಕೆಸ್ಟ್ರಾದವನೊಬ್ಬ ನಾಲ್ಕು ವರ್ಷ ಮದುವೆ ಮನೆಗಳಲ್ಲಿ ಬಾರಿಸಿ, ಬೇಸರವಾಗಿ, ಬೆಟಗೇರಿಯ ದೇವಪುತ್ರಪ್ಪ ಮಾಸ್ತರರಿಗೆ ಕೊಟ್ಟುಬಿಟ್ಟ.

ಮಾಸ್ತರರಿಗೆ ಲೋಕದ ಶ್ರುತಿ ಹಿಡಿಸಲಿಲ್ಲ. ಐದು ತಂತಿಗಳನ್ನು ಹಾಗೆಯೇ ಬಿಟ್ಟು, ಆರನೆಯ ದಪ್ಪ ತಂತಿಯ ಕಿವಿ ಹಿಂಡುವಾಗ ಅಡುಗೆಮನೆಯ ಕಡೆ ತಿರುಗುತ್ತಿದ್ದರು.

"ಮಾರ್ಥಾ, ಒಮ್ಮೆ ಹೂಂ ಅನ್ನ."

"ಹೂಂ," ಎನ್ನುತ್ತಿದ್ದಳು ಹೆಂಡತಿ, ರೊಟ್ಟಿ ಬಡಿಯುತ್ತಲೇ. ಆ ಹೂಂ ಯಾವ ಸ್ವರದಲ್ಲಿ ಬರುತ್ತಿತ್ತೋ ಅದನ್ನೇ ಮಂದ್ರದಲ್ಲಿ ನನ್ನ ತಂತಿಗೆ ಕೂಡಿಸುತ್ತಿದ್ದರು. ಪ್ರತಿ ಸಲವೂ ಅದು ಒಂದೇ ಸ್ವರ. ನನಗೂ ಆಶ್ಚರ್ಯ.

ಆ ಶ್ರುತಿಯಲ್ಲಿ ಅವರು ಒಂದೇ ಒಂದು ಧಾಟಿ ಕಟ್ಟಿದರು. ನೋಟ್‌ಬುಕ್ಕಿನಲ್ಲಿ ಆರು ಗೆರೆ ಎಳೆದು, ಯಾವ ತಂತಿಯನ್ನು ನನ್ನ ಕುತ್ತಿಗೆಯ ಎಷ್ಟನೆಯ ಮನೆಯಲ್ಲಿ ಒತ್ತಬೇಕೆಂದು ಅಂಕಿ ಮಾತ್ರ ಬರೆದಿಟ್ಟರು.

ಹೊಟ್ಟೆಯಲ್ಲಿ ಗಂಟಾದದ್ದನ್ನು ಮಾಸ್ತರರು ಆರು ತಿಂಗಳು ಹೆಂಡತಿಗೆ ಹೇಳಿರಲಿಲ್ಲ. ಆಪರೇಷನ್ನಿಗೆ ಹೊರಡುವ ಬೆಳಿಗ್ಗೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ಆರನೆಯ ತಂತಿ ಸಡಿಲಿಸಿ, "ಹೂಂ ಅನ್ನ," ಎಂದರು. ಆಕೆ ಸಿಟ್ಟಿನಲ್ಲಿ ಬಟ್ಟೆ ಮಡಚುತ್ತಿದ್ದಳು. ಎರಡು ಸಲ ಕೇಳಿದರೂ ತುಟಿ ಬಿಚ್ಚಲಿಲ್ಲ.

"ಆತು, ಬಂದಮ್ಯಾಲೆ ಕೂಡಿಸ್ತೀನಿ," ಎಂದು ನನ್ನನ್ನು ಗೋಡೆಯ ಮೊಳೆಗೆ ತೂಗುಹಾಕಿ ಹೋದರು. ಬರಲಿಲ್ಲ.

ಅಂದಿನಿಂದ ಮಾರ್ಥವ್ವ ಯಾರಿಗೂ ಹೂಂ ಅಂದಿಲ್ಲ. ತಲೆಯಾಡಿಸುತ್ತಾಳೆ, ಅಷ್ಟೆ. ಹನ್ನೊಂದು ವರ್ಷವಾಯಿತು. ಗಾಳಿಗೆ ನನ್ನ ಸಡಿಲ ತಂತಿ ಗೋಡೆಗೆ ತಾಗಿ ಗೊರ್ ಎಂದರೆ ಆಕೆ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಅವರು ಬಂದರೆಂದು ಆಕೆಗೆ ಭ್ರಮೆ ಹುಟ್ಟಿಸಿದೆನಲ್ಲ ಎಂದು ನನಗೆ ನಾಚಿಕೆಯಾಗುತ್ತದೆ.

ಮಗಳು ರೂತ್ ಚರ್ಚಿನಲ್ಲಿ ಹಾಡು ಕಲಿಸುವವಳು. ಅಪ್ಪನ ಪುಣ್ಯಸ್ಮರಣೆಗೆ ಅವರ ಧಾಟಿಯನ್ನೇ ನುಡಿಸಬೇಕೆಂದು ನೋಟ್‌ಬುಕ್ಕಿನ ಅಂಕಿಗಳನ್ನೆಲ್ಲ ಲ್ಯಾಪ್‌ಟಾಪಿನ ಸ್ವರಲಿಪಿ ಸಾಫ್ಟ್‌ವೇರಿಗೆ ಹಾಕಿದಳು. ಅದು ಲೋಕದ ಶ್ರುತಿ ಹಿಡಿದು ನುಡಿಸಿತು. ಧಾಟಿ ಕುಂಟಿತು.

"ಇದು ಅಪ್ಪಂದಲ್ಲ," ಎಂದು ರೂತ್ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು. ಐದು ತಂತಿಗಳಿಗೆ ಸ್ವರ ಬರೆದಿತ್ತು. ಆರನೆಯದರ ಎದುರು: ಮಾರ್ಥಾನ ಹೂಂ.

"ಯವ್ವಾ, ಒಂದ್ಸಲ ಹೂಂ ಅನ್ನಬೇ."

"ಆವತ್ತ ಅವರು ಕೇಳಿದ್ರ ಅನ್ನಲಿಲ್ಲ. ಈಗ ಯಾರಿಗೆ ಅನ್ನಲಿ?"

ರೂತ್ ಒತ್ತಾಯಿಸಲಿಲ್ಲ. ತಂತಿಗಳ ಶ್ರುತಿ ಬದಲಿಸುವ ಪಟ್ಟಿ ತೆರೆದು, ಆರನೆಯದನ್ನು ಅರ್ಧ ಸ್ವರ ಇಳಿಸಿ ನುಡಿಸಿದಳು. ಮಾರ್ಥವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಲೇ ಇದ್ದಳು. ಇನ್ನರ್ಧ ಇಳಿಸಿದಳು. ಕುಂಟು ಹೋಗಲಿಲ್ಲ. ಮೂರನೆಯ ಸಲ ಇಳಿಸಿದಾಗ ಮಾಸ್ತರರೇ ಒಳಗೆ ಬಂದು ಕೂತ ಹಾಗಾಯಿತು. ನನ್ನ ಮರವೆಲ್ಲ ಜುಮ್ಮೆಂದಿತು.

"ಹೂಂ," ಅಂದಳು ಮಾರ್ಥವ್ವ.

ಯಾರೂ ಕೇಳಿರಲಿಲ್ಲ. ಬಾಯಿಂದ ತಾನಾಗಿಯೇ ಬಂತು, ಅದೇ ಸ್ವರದಲ್ಲಿ. ಮೊರದ ಮೇಲೆ ಕೈ ನಿಂತುಹೋಯಿತು.

ಈ ಶ್ರುತಿಗೆ ಏನು ಹೆಸರು ಎಂದು ಸಾಫ್ಟ್‌ವೇರು ಕೇಳಿತು. ರೂತ್ ಅಪ್ಪ ಬರೆದದ್ದನ್ನೇ ಬರೆದಳು. ಕಣ್ಣೊರೆಸಿಕೊಂಡು ಎದ್ದು, ನನ್ನ ಆರನೆಯ ತಂತಿ ಬಿಗಿಯಲು ಕೈ ಚಾಚಿದಳು. ಹನ್ನೊಂದು ವರ್ಷದ ನನ್ನ ಆಸೆ.

"ಬಿಡು, ಮುಟ್ಟಬ್ಯಾಡ," ಅಂದಳು ಮಾರ್ಥವ್ವ. "ಬಂದಮ್ಯಾಲೆ ಕೂಡಿಸ್ತೀನಿ ಅಂದಾರ."