ಪಾಯಿಂಟಮ್ಮನ ಎರಡು ಟಿಕೆಟ್ಟು

ಬ್ಯಾಂಕಿನ ಮೆಸೇಜು ಬಂದಾಗ ಕೀ ಮೇಷ್ಟ್ರು ಯಾರದೋ ಬೀರುವಿನ ಕೀಯನ್ನು ಅರದಿಂದ ಉಜ್ಜುತ್ತಿದ್ದರು. ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದ ಗೂಡಿನಲ್ಲಿ ಇಪ್ಪತ್ತಾರು ವರ್ಷದಿಂದ ಕೀ ಮಾಡಿಕೊಡುವವರು. ಮೇಷ್ಟ್ರು ಅನ್ನುವ ಹೆಸರು ಬಂದದ್ದು ಅವರು ಕೇಳುವ ಪ್ರಶ್ನೆಗಳಿಂದ. ಯಾರಾದರೂ ಏದುಸಿರು ಬಿಡುತ್ತ ಬಂದು "ಬಾಗಿಲು ಹಾಕ್ಕೊಂಡ್ಬಿಟ್ಟಿದೆ, ಬೇಗ ಬನ್ನಿ" ಅಂದರೆ ಇವರದು ಪರೀಕ್ಷೆ ಶುರು. ಮನೆ ಯಾರದು, ನೀವು ಅವರಿಗೆ ಏನಾಗಬೇಕು, ಒಳಗೆ ಹೋದ ಕೂಡಲೇ ಎಡಕ್ಕೆ ಏನಿದೆ. ಕೊನೆಗೆ ಒಂದೇ ಮಾತು: "ಮನೆಯವರು ಎದುರಿಗೆ ನಿಂತರೇ ನಾನು ಬೀಗ ಮುಟ್ಟೋದು." ಮಳೆಯಲ್ಲಿ ತೊಪ್ಪೆಯಾಗಿದ್ದ ಒಬ್ಬ ಅಳಿಯನನ್ನು ಅವನ ಮಾವ ಬರುವವರೆಗೆ ಎರಡು ಗಂಟೆ ನಿಲ್ಲಿಸಿದ್ದರು. ಆ ಅಳಿಯ ಇವತ್ತಿಗೂ ಎದುರು ಸಿಕ್ಕರೆ ಮುಖ ತಿರುಗಿಸುತ್ತಾನೆ.

ಮೆಸೇಜು ಬಂದದ್ದು ಹೆಂಡತಿಯ ಫೋನಿಗೆ. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಫೋನಿಗೆ ಮಾತ್ರ ಮೇಷ್ಟ್ರು ದಿನವೂ ಚಾರ್ಜು ಹಾಕಿ, ಗೂಡಿನ ಹಲಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅದರಲ್ಲಿ ಬರುವುದೆಲ್ಲ ಬ್ಯಾಂಕಿನದೇ ಸುದ್ದಿ. ಆ ಬ್ಯಾಂಕೊಂದಕ್ಕೆ ಅವಳು ಇನ್ನೂ ಬದುಕಿದ್ದಳು.

ಕನ್ನಡಕ ಏರಿಸಿ ಎರಡು ಸಲ ಓದಿದರು. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದಷ್ಟೂ ಕೂಡುವ ಪಾಯಿಂಟು, ವಿಮಾನದ ಟಿಕೆಟ್ಟಿಗೆ ಇನ್ನು ಮೇಲೆ ಮೊದಲಿನ ಎರಡರಷ್ಟು ಬೇಕಂತೆ. ಹೊಸ ನಿಯಮ ಈ ಒಂದನೇ ತಾರೀಕಿನಿಂದಲೇ ಜಾರಿಗೆ ಬಂದಿದೆಯಂತೆ. ಮೂರು ತಿಂಗಳ ಹಿಂದೆಯೇ ಈಮೇಲಿನಲ್ಲಿ ತಿಳಿಸಿದ್ದರಂತೆ. ಸತ್ತವಳ ಈಮೇಲನ್ನು ಯಾರು ತೆಗೆದು ನೋಡಬೇಕಿತ್ತೋ! ಕೊನೆಯಲ್ಲಿ, ನಮ್ಮ ಜೊತೆಗಿರುವುದಕ್ಕೆ ಧನ್ಯವಾದ ಅಂತ ಬೇರೆ.

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಅರವನ್ನು ಹಲಗೆಯ ಮೇಲೆ ಕುಕ್ಕಿದರು.

ಆ ಪಾಯಿಂಟುಗಳು ಹೇಗೆ ಬಂದವು ಅನ್ನುವುದು ಬ್ಯಾಂಕಿಗೆ ಗೊತ್ತಿಲ್ಲ, ಬೀದಿಗೆ ಗೊತ್ತಿತ್ತು. ಅವಳು ಶಾಲೆಯ ಮಕ್ಕಳಿಗೆ ಯೂನಿಫಾರ್ಮು ಹೊಲಿಯುತ್ತಿದ್ದಳು. ಬಟ್ಟೆ, ದಾರ, ಗುಂಡಿ, ಜಿಪ್ಪು ಎಲ್ಲ ಪಕ್ಕದ ಬೀದಿಯಲ್ಲೇ ಸಿಗುತ್ತಿತ್ತು. ಆದರೆ ಆ ಅಂಗಡಿಯವನು ಕಾರ್ಡು ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಳ್ಳುವ ಅಂಗಡಿ ಇದ್ದದ್ದು ರೈಲ್ವೆ ಸೇತುವೆಯ ಆಚೆ. ಹೋಗುವಾಗ ಮೆಟ್ಟಿಲು, ಬರುವಾಗ ಬಟ್ಟೆಯ ಗಂಟಿನ ಜೊತೆ ಅದೇ ಮೆಟ್ಟಿಲು. ಮೊಣಕಾಲು ಹಿಡಿದುಕೊಂಡರೆ ಸೇತುವೆಯ ಮೇಲೆ ನಿಂತು ರೈಲು ನೋಡುತ್ತಿರುವ ಹಾಗೆ ನಟಿಸುತ್ತಿದ್ದಳು. ಅಕ್ಕಪಕ್ಕದವರ ಕರೆಂಟು ಬಿಲ್ಲು, ನೀರಿನ ಬಿಲ್ಲು ಕೂಡ "ಕೊಡ್ರೀ, ನಾನೇ ಕಟ್ತೀನಿ" ಅಂತ ತನ್ನ ಕಾರ್ಡಿನಲ್ಲಿ ಕಟ್ಟಿ, ಅವರಿಂದ ನಗದು ಇಸಿದುಕೊಳ್ಳುತ್ತಿದ್ದಳು. ಬೀದಿಯವರು ಅವಳಿಗೆ ಪಾಯಿಂಟಮ್ಮ ಅಂತ ಹೆಸರಿಟ್ಟರು. ಅವಳಿಗೇನೂ ಬೇಜಾರಿರಲಿಲ್ಲ. "ನಗ್ರೀ, ನಗ್ರೀ. ಒಂದಿನ ನಾನು ಮೇಲಿಂದ ನಿಮ್ಮನ್ನೆಲ್ಲ ನೋಡ್ತೀನಿ, ಇರುವೆ ಥರ ಕಾಣ್ತೀರಿ" ಅನ್ನುತ್ತಿದ್ದಳು.

ಅವಳಿಗೆ ಬೇಕಿದ್ದದ್ದು ಅಷ್ಟೇ. ಎರಡು ಟಿಕೆಟ್ಟು, ತನಗೆ ಕಿಟಕಿ ಪಕ್ಕ. ಮೋಡವನ್ನು ಒಂದು ಸಲ ಮೇಲಿನಿಂದ ನೋಡಬೇಕು, ಇಳಿದಮೇಲೆ ಸಮುದ್ರದಲ್ಲಿ ಕಾಲು ಅದ್ದಿಕೊಂಡು ವಾಪಸು ಬರಬೇಕು.

ಒಂದೂವರೆ ವರ್ಷದ ಹಿಂದೆ ತೊಂಬತ್ತು ಸಾವಿರ ಪಾಯಿಂಟು ತುಂಬಿತ್ತು. ಎರಡು ಟಿಕೆಟ್ಟಿಗೆ ಬೇಕಾದದ್ದೂ ಅಷ್ಟೇ. ಅವಳು ಗೂಡಿನವರೆಗೆ ಓಡಿಬಂದು ಫೋನು ತೋರಿಸಿದಳು. ಮೇಷ್ಟ್ರು ಆಗ ಹೊಸ ಅಪಾರ್ಟ್‌ಮೆಂಟಿನ ನೂರಿಪ್ಪತ್ತು ಮನೆಗಳ ಕೀ ಕೆಲಸ ಹಿಡಿದಿದ್ದರು. ತಲೆ ಎತ್ತದೆ, "ಪಾಯಿಂಟೇನು ಹಾಲಾ, ಕೆಟ್ಟುಹೋಗೋಕೆ? ಈ ಕೆಲಸ ಮುಗೀಲಿ, ಮುಂದಿನ ವರ್ಷ ಆರಾಮಾಗಿ ಹೋಗೋಣ" ಅಂದಿದ್ದರು. ಅವಳು "ಆಯ್ತು ರೀ" ಅಂತ ಹೊರಟುಹೋಗಿದ್ದಳು. ಮುಂದಿನ ವರ್ಷ ಅವಳು ಆಸ್ಪತ್ರೆಯಲ್ಲಿದ್ದಳು. ಆ ಮಾತು ನೆನಪಾದಾಗಲೆಲ್ಲ ಮೇಷ್ಟ್ರಿಗೆ ತಮ್ಮ ನಾಲಿಗೆಯನ್ನೇ ಕಿತ್ತು ಬಿಸಾಡಬೇಕು ಅನ್ನಿಸುತ್ತಿತ್ತು.

ವರ್ಷದ ತಿಥಿ ಮುಗಿದಮೇಲೆ ಆ ಎರಡು ಟಿಕೆಟ್ಟಿನಲ್ಲಿ ಮಗಳನ್ನು ಕರೆದುಕೊಂಡು ಹೋಗಿ, ಹೆಂಡತಿ ನೋಡಬೇಕೆಂದಿದ್ದನ್ನು ನೋಡಿ ಬರಬೇಕು, ಅಷ್ಟಾದರೂ ಮಾಡಬೇಕು ಅಂತ ನಿಶ್ಚಯಿಸಿದ್ದರು. ಅದಕ್ಕೇ ಅವಳು ಹೋದ ಸುದ್ದಿಯನ್ನು ಬ್ಯಾಂಕಿಗೆ ಹೇಳಿರಲಿಲ್ಲ. ಹೇಳಿದರೆ ಪಾಯಿಂಟೆಲ್ಲ ರದ್ದಾಗುತ್ತದೆ ಅಂತ ಯಾರೋ ಅಂದಿದ್ದರು. ಇನ್ನೊಬ್ಬರ ಬೀಗಕ್ಕೆ ಕೈ ಹಾಕದ ಮನುಷ್ಯ ಕಾರ್ಡು ಚಾಲ್ತಿಯಲ್ಲಿರಲಿ ಅಂತ ಎಂಟು ತಿಂಗಳಿಂದ ಹೆಂಡತಿಯ ಕಾರ್ಡಿನಲ್ಲಿ ಹಾಲು, ತರಕಾರಿ ಕೊಂಡು, ಬಿಲ್ಲು ಬಂದ ದಿನವೇ ಕಟ್ಟುತ್ತಿದ್ದರು. ಸರಿಯಲ್ಲ ಅಂತ ಗೊತ್ತಿತ್ತು. ಆದರೂ ಅಂಗಡಿಯ ಕಾರ್ಡು ಯಂತ್ರ ಟಕ್ಕೆಂದು ಅವಳ ಹೆಸರಿನ ಚೀಟಿ ಹೊರಗೆ ಹಾಕಿದಾಗ ಒಂದು ಥರ ಸಮಾಧಾನ ಆಗುತ್ತಿತ್ತು.

ಈಗ ಅವಳು ಆ ಸೇತುವೆಯ ಮೇಲೆ ನಡೆದದ್ದರಲ್ಲಿ ಅರ್ಧ ದಾರಿಯನ್ನೇ ಯಾರೋ ಅಳಿಸಿಹಾಕಿದ್ದರು.

ಮೇಷ್ಟ್ರು ಬ್ಯಾಂಕಿಗೆ ಫೋನು ಮಾಡಿದರು. ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ, ಇಪ್ಪತ್ತು ನಿಮಿಷ ಸಂಗೀತ ಕೇಳಿದಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಏನಮ್ಮಾ, ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ಳೋದು ಯಾವ ಸೀಮೆ ನ್ಯಾಯ? ಒಂಬತ್ತು ವರ್ಷ ಕಣಮ್ಮಾ! ಒಂದಿನ ತಡವಾಗಿ ಕಟ್ಟಿಲ್ಲ. ಗಂಟು ಹೊತ್ಕೊಂಡು ಮೆಟ್ಟಿಲು ಹತ್ತಿರೋರು ನೀವಾ?" ಬಾಯಿಗೆ ಬಂದದ್ದೆಲ್ಲ ಬಂತು.

ಹುಡುಗಿ ಪೂರ್ತಿ ಕೇಳಿಸಿಕೊಂಡಳು. "ನಿಮ್ಮ ಬೇಜಾರು ನನಗೆ ಅರ್ಥ ಆಗುತ್ತೆ ಸರ್. ಹಳೇ ಗ್ರಾಹಕರಿಗೆ ಒಂದು ಅವಕಾಶ ಇದೆ. ಶುಕ್ರವಾರದೊಳಗೆ ಕೇಳಿದ್ರೆ ಒಂದ್ಸಲಕ್ಕೆ ಹಳೇ ಲೆಕ್ಕದಲ್ಲೇ ಟಿಕೆಟ್ ಕೊಡ್ತೀವಿ. ಆದ್ರೆ ಕಾರ್ಡು ಮೇಡಂ ಹೆಸರಲ್ಲಿದೆ. ಅವರೇ ಮಾತಾಡ್ಬೇಕು."

"ನಾನು ಅವಳ ಗಂಡ."

"ಗೊತ್ತಾಯ್ತು ಸರ್. ಆದ್ರೂ ಅವರೇ ಮಾತಾಡ್ಬೇಕು. ಮೇಡಂ ಎಷ್ಟೊತ್ತಿಗೆ ಸಿಗ್ತಾರೆ?"

"ಸ್ನಾನಕ್ಕೆ ಹೋಗಿದಾಳೆ," ಅಂದರು. ಫೋನಿಟ್ಟಮೇಲೆ ಬಹಳ ಹೊತ್ತು ಕೆಲಸ ಮುಟ್ಟಲಿಲ್ಲ.

ಸಂಜೆ ಮಗಳಿಗೆ ಹೇಳಿದರು. ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದವಳು, ಚಪ್ಪಲಿ ಬಿಡುತ್ತಲೇ ಅಂದಳು, "ಅದಕ್ಯಾಕಪ್ಪ ಇಷ್ಟು ತಲೆ ಕೆಡಿಸ್ಕೊಂಡಿದೀಯ? ನಾನು ಮಾತಾಡ್ತೀನಿ. ಅಮ್ಮನ ಹುಟ್ಟಿದ ದಿನ, ಅಜ್ಜಿ ಹೆಸರು, ಎಲ್ಲಾ ಗೊತ್ತು. ಫೋನಲ್ಲಿ ನನ್ನ ದನಿ ಅಮ್ಮಂದೇ ಅಂತ ಚಿಕ್ಕಮ್ಮಾನೇ ಎಷ್ಟು ಸಲ ಮೋಸ ಹೋಗಿಲ್ಲ?"

"ಅದು ಸರೀನಾಮ್ಮಾ?"

"ಅಮ್ಮ ದುಡಿದಿದ್ದು ತಾನೇ. ಬೇರೆಯವರದ್ದೇನು ಕದೀತಿದೀವಾ?"

ಮೇಷ್ಟ್ರಿಗೆ ಬೇಡ ಅನ್ನುವ ಮನಸ್ಸಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಗಳು ಮನೆಗೆ ಬಂದಳು. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಅಮ್ಮನ ಫೋನಿನಿಂದಲೇ ಕರೆ ಮಾಡಿದಳು. ಅಪ್ಪನಿಗೂ ಕೇಳಲಿ ಅಂತ ಸ್ಪೀಕರು ಹಾಕಿದಳು. ಮೇಷ್ಟ್ರು ಬಾಗಿಲಿಗೆ ಒರಗಿ ನಿಂತಿದ್ದರು. ಮತ್ತೆ ಅದೇ ಸಂಗೀತ, ಆಮೇಲೆ ಅದೇ ಹುಡುಗಿ.

"ನಮಸ್ಕಾರ. ಕಾರ್ಡುದಾರರೇ ಮಾತಾಡ್ತಿರೋದಾ ಮೇಡಂ?"

ಮಗಳು ಒಂದು ಸಲ ಕೆಮ್ಮಿ, ಕತ್ತನ್ನು ಸ್ವಲ್ಪ ಓರೆಮಾಡಿ ಅಂದಳು, "ಹೌದಮ್ಮಾ, ನಾನೇ."

ಅದು ಹೆಂಡತಿಯದೇ ದನಿ. ಮೊದಲು ಸ್ವಲ್ಪ ಎಳೆದು, ಕೊನೆಗೆ ತಟ್ಟನೆ ನಿಲ್ಲಿಸುವ ದನಿ. ಇದೇ ಕೋಣೆಯಲ್ಲಿ, ಇದೇ ಯಂತ್ರದ ಪಕ್ಕ ಎಂಟು ತಿಂಗಳಿಂದ ಕೇಳಿರಲಿಲ್ಲ. ಮೇಷ್ಟ್ರು ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಎಂಟು ತಿಂಗಳು ಹಾಲು ತಂದು, ಬಿಲ್ಲು ಕಟ್ಟಿ, ಫೋನಿಗೆ ಚಾರ್ಜು ಹಾಕಿ ದೂರ ಇಟ್ಟಿದ್ದ ಸಂಗತಿ ಆಗ ಬಂದು ಎದೆಗೆ ಬಡಿಯಿತು.

"ಹುಟ್ಟಿದ ದಿನಾಂಕ ಹೇಳ್ತೀರಾ ಮೇಡಂ?"

ಮಗಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಬಂದು ಫೋನು ತೆಗೆದುಕೊಂಡರು.

"ಅಮ್ಮಾ, ಈಗ ಮಾತಾಡಿದ್ದು ನನ್ನ ಮಗಳು. ನನ್ನ ಹೆಂಡತಿ ಇಲ್ಲ. ತೀರಿಕೊಂಡಳು. ಎಂಟು ತಿಂಗಳಾಯ್ತು."

ಆ ಮಾತನ್ನು ಅವರು ಅದುವರೆಗೆ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಬೀದಿಗೆ ಹೇಳುವ ಅಗತ್ಯವೇ ಬಿದ್ದಿರಲಿಲ್ಲ, ಎಲ್ಲರೂ ಬಂದು ಹೋಗಿದ್ದರು.

ಹುಡುಗಿ ಮೆಲ್ಲಗೆ ಅಂದಳು, "ಸರ್, ಹಾಗಾದ್ರೆ ನಾನು ಖಾತೆ ಮುಚ್ಚಬೇಕಾಗುತ್ತೆ. ಪಾಯಿಂಟುಗಳೂ ಹೋಗ್ತವೆ. ನನ್ನ ಕೈಲಿ ಏನೂ ಇಲ್ಲ ಸರ್. ತಪ್ಪು ತಿಳ್ಕೋಬೇಡಿ."

"ನಿನ್ನ ತಪ್ಪೇನಿಲ್ಲ ಬಿಡಮ್ಮಾ," ಅಂದರು ಮೇಷ್ಟ್ರು. "ನಾನೂ ಅಷ್ಟೇ. ಮನೆಯವರು ಎದುರಿಗೆ ನಿಲ್ಲದೆ ಬಾಗಿಲು ತೆಗೆಯೋನಲ್ಲ."

ಹುಡುಗಿ ತೀರಿಕೊಂಡ ದಿನಾಂಕ ಕೇಳಿದಳು. ಮೇಷ್ಟ್ರು ಹೇಳಿದರು. ಬರೆದುಕೊಂಡು, ತಪ್ಪಿಲ್ಲ ತಾನೇ ಅಂತ ಇನ್ನೊಂದು ಸಲ ಓದಿದಳು. ಸರಿಯಾಗಿತ್ತು.

ಫೋನಿಟ್ಟಾಗ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮೇಷ್ಟ್ರು ನೆಲದ ಮೇಲೆಯೇ ಕೂತರು. ಹೊಲಿಗೆ ಯಂತ್ರದ ಸೂಜಿಯಲ್ಲಿ ಇನ್ನೂ ನೀಲಿ ದಾರ ಇತ್ತು. ಮಗಳಿಗೆ ಅಂಗಡಿಗೆ ಹೊತ್ತಾಗುತ್ತಿತ್ತು. ಎದ್ದು ಮುಖ ತೊಳೆದುಕೊಂಡು ಬಂದಳು.

ಅವಳು ಚಪ್ಪಲಿ ಮೆಟ್ಟುವಾಗ ಮೇಷ್ಟ್ರು ಕರೆದರು.

"ಇನ್ನೊಂದ್ಸಲ ಹೇಳ್ತೀಯಾ?"

"ಏನು ಹೇಳ್ಲಿ ಅಪ್ಪ?"

"ಹಂಗಂದ್ಯಲ್ಲ. ಹೌದಮ್ಮಾ, ನಾನೇ ಅಂತ."

ಮಗಳು ಅಪ್ಪನ ಮುಖ ನೋಡಿದಳು. ಕೆಮ್ಮಿದಳು, ಕತ್ತು ಓರೆಮಾಡಿದಳು, ಹೇಳಿದಳು. ಆದರೆ ಅತ್ತು ಗಂಟಲು ಕಟ್ಟಿತ್ತು, ಈ ಸಲ ಬಂದದ್ದು ಅವಳ ಸ್ವಂತ ದನಿಯೇ.