ಅಳು ಇಳಿಸುವ ಪಂಬೆ

ಹೆಬ್ಬಗೋಡಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರು ಚಿಕ್ಕಬೈರಪ್ಪ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಕಟ್ಟಡವಿದೆ. ಕಟ್ಟಡದ ಹಿಂದೆ ಇನ್ನೂ ಸೀಮೆಹಸುಗಳಿವೆ. ಬೆಳಗಾದರೆ ಸೊಸೆ ಮಹಾಲಕ್ಷ್ಮಿ ಹಾಲು ಕರೆಯುತ್ತಾಳೆ. ಅತ್ತೆ ಚಿಕ್ಕಮುನಿಯಮ್ಮ ಮೆಟ್ಟಿಲ ಮೇಲೆ ಕೂತು ಬಾಡಿಗೆಯವರಿಗೆ ಹಾಲು ಅಳೆದು ಹಾಕುತ್ತಾ, ನೀರು ಪೋಲು ಮಾಡಿದವರಿಗೆ ಮಂಗಳಾರತಿ ಮಾಡುತ್ತಾರೆ. ಮಗ ನರೇಶ್ ಕಂಪನಿಗಳ ಕ್ಯಾಬ್ ಓಡಿಸುತ್ತಾನೆ. ನಾನು ಹೇಮಲತಾ, ದಾವಣಗೆರೆ ಕಡೆಯವಳು, ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಮಹಾಲಕ್ಷ್ಮಿಯ ಮಗಳು ದಿವ್ಯಾ ಓದುವುದು ನನ್ನ ಒಂದನೇ ತರಗತಿಯಲ್ಲೇ. ಒಳ್ಳೆಯ ಜನ, ನನಗೆ ಜ್ವರ ಬಂದರೆ ಗಂಜಿ ಕಳಿಸುವ ಜನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀವು ಅವರನ್ನು ರಾಕ್ಷಸರು ಅಂದುಕೊಳ್ಳಬಾರದು.

ಈ ಮನೆಯದೊಂದು ಪದ್ಧತಿ. ಮಗು ಕಳೆದುಕೊಂಡ ಹೆಂಗಸು ಬಹಳ ದಿನ ಅಳಬಾರದು. ಅತ್ತರೆ ಮುಂದಿನ ಬಸಿರು ನಿಲ್ಲುವುದಿಲ್ಲ ಎಂಬ ನಂಬಿಕೆ. ಅಳು ತಾನಾಗಿ ನಿಲ್ಲದಿದ್ದರೆ ಪಂಬೆಯವನನ್ನು ಕರೆಸುತ್ತಿದ್ದರು. ಅವಳನ್ನು ನಡುಮನೆಯಲ್ಲಿ ಕೂರಿಸಿ, ದೇವರ ಮುಂದೆ ನುಡಿಸುವ ಆ ಜೋಡಿ ಚರ್ಮವಾದ್ಯವನ್ನು ಅವಳ ಕಿವಿಯ ಪಕ್ಕದಲ್ಲೇ ಒಂದೇ ಸಮನೆ ಬಡಿಸುತ್ತಿದ್ದರು. ಕಣ್ಣು ಮಂಜಾಗಿ ಕತ್ತು ತೂಗತೊಡಗಿದರೆ ಅಳು ಇಳಿಯಿತೆಂದು ಲೆಕ್ಕ. ಆಮೇಲೆ ಅವಳು ಎದ್ದು ಕೊಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದಳು.

ಮಹಾಲಕ್ಷ್ಮಿಯ ಗಂಡುಮಗು ಕಫ ಕಟ್ಟಿ ಆಸ್ಪತ್ರೆಯಲ್ಲಿ ತೀರಿಕೊಂಡಿತು. ಇನ್ನೂ ಬೋರಲು ಬೀಳುವುದನ್ನು ಕಲಿಯುತ್ತಿದ್ದ ಕೂಸು. ಅವಳು ಅತ್ತಳು. ಎದೆಹಾಲು ಸೋರಿ ರವಿಕೆ ಒದ್ದೆಯಾದಾಗಲೆಲ್ಲ ಬಾಯಿ ಬಿಟ್ಟು ಅತ್ತಳು. ಹೆತ್ತವಳು ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ. ಮನೆಯವರು ಪಂಬೆಯವನನ್ನು ಹುಡುಕಿದರು. ಊರಿನ ಮುದುಕ ತೀರಿಕೊಂಡಿದ್ದ, ಅವನ ಮಕ್ಕಳು ಅತ್ತಿಬೆಲೆಯ ಫ್ಯಾಕ್ಟರಿ ಸೇರಿದ್ದರು. ಆದರೆ ಮನೆದೇವರ ಪೂಜೆಯಲ್ಲಿ ಆ ಮುದುಕ ಬಾರಿಸಿದ್ದು ನರೇಶನ ಫೋನಿನಲ್ಲಿತ್ತು.

ನರೇಶನ ಕ್ಯಾಬಿನಲ್ಲಿ ದಿನಾ ಓಡಾಡುವ ವಿಶ್ವನಾಥ್ ಎಂಬ ಇಂಜಿನಿಯರ್ ಅದನ್ನು ಕೇಳಿ ಬೆರಗಾದರಂತೆ. ಪೆಟ್ಟು ಒಂದೇ ಲಯದಲ್ಲಿ ಬೀಳುತ್ತಿದ್ದರೆ ಮೆದುಳಿನ ಅಲೆಗಳೂ ನಿಧಾನಕ್ಕೆ ಆ ಲಯಕ್ಕೆ ಬರುತ್ತವೆ, ನಾನೂ ಕೆಲಸದಲ್ಲಿ ಮನಸ್ಸು ನಿಲ್ಲಲಿ ಅಂತ ಇಂಥದೇ ಶಬ್ದ ಕೇಳುತ್ತೇನೆ, ನಿಮ್ಮ ಹಿರಿಯರಿಗೆ ಇದು ಆಗಲೇ ಗೊತ್ತಿತ್ತು ನೋಡಿ ಎಂದು ಹೊಗಳಿದರಂತೆ. ಉಪಕಾರವೆಂದುಕೊಂಡು ಆ ಪೆಟ್ಟನ್ನೇ ಕೊನೆಯಿಲ್ಲದಂತೆ ಜೋಡಿಸಿ, ಒಂದು ಹೆಡ್‌ಫೋನನ್ನೂ ಕೊಟ್ಟರು. ಯಾರ ಕಿವಿಗೆ, ಯಾತಕ್ಕೆ ಎಂದು ಆ ಪುಣ್ಯಾತ್ಮ ಕೇಳಲಿಲ್ಲ.

ಇಲ್ಲೇ ಎಡವಟ್ಟಾಗಿದ್ದು. ಮುದುಕನಿಗೆ ತೋಳು ನೋಯುತ್ತಿತ್ತು, ಬೀಡಿ ಸೇದಬೇಕಿತ್ತು, ಕತ್ತಲಾದರೆ ಮನೆಗೆ ಹೋಗಬೇಕಿತ್ತು. ಹಾಗಾಗಿ ಹಿಂದಿನ ಹೆಂಗಸರಿಗೆ ನಡುವೆ ಒಂದಿಷ್ಟು ಬಿಡುವು ಸಿಕ್ಕಿ, ಕದ್ದು ಅಳಲಾದರೂ ಆಗುತ್ತಿತ್ತು. ಫೋನು ದಣಿಯುವುದಿಲ್ಲ. ಚಾರ್ಜಿಗೆ ಹಾಕಿದರೆ ಆಯಿತು.

ಮಹಾಲಕ್ಷ್ಮಿ ಎದ್ದ ಕೂಡಲೇ ಅದನ್ನು ಕಿವಿಗೆ ಹಾಕಿಕೊಂಡು ಮೇಲೆ ಸೆರಗು ಹೊದೆಯುತ್ತಿದ್ದಳು. ಮೊದಮೊದಲು ಅತ್ತೆ ಹಾಕುತ್ತಿದ್ದರು, ಆಮೇಲೆ ಅವಳೇ ಹಾಕಿಕೊಂಡಳು. ಹಾಲು ಕರೆದಳು, ಪಾತ್ರೆ ಬೆಳಗಿದಳು, ಬಟ್ಟೆ ಒಣಹಾಕಿದಳು. ಕರೆದರೆ ತಿರುಗುತ್ತಿದ್ದಳು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದಳು. ದಿವ್ಯಾ ತಾನು ಬರೆದ ಚಿತ್ರ ತೋರಿಸಿದರೆ ಅದನ್ನು ಇಸಿದುಕೊಂಡು ಮಡಚಿ ಪಕ್ಕಕ್ಕಿಡುತ್ತಿದ್ದಳು. ಒಂದು ದಿನ ಕಾದ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ, ಅಂಗಳ ದಾಟಿ ತಂದು ಅತ್ತೆಯ ಮುಂದಿಟ್ಟಳು. ಅಂಗೈ ಬೊಬ್ಬೆ ಎದ್ದಿತ್ತು. ನಾನು ಹೌಹಾರಿ ನಲ್ಲಿಯ ಕೆಳಗೆ ಕೈ ಹಿಡಿಸಿದೆ. ಅವಳು ಬೇರೆ ಯಾರದೋ ಕೈ ನೋಡುವವಳ ಹಾಗೆ ನೋಡುತ್ತಿದ್ದಳು.

"ಗೊತ್ತಾಗ್ಲಿಲ್ಲ ಟೀಚರ್," ಅಂದಳು.

ಅವತ್ತು ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಮುನಿಯಮ್ಮನ ಹತ್ತಿರ ಹೋಗಿ, ಇವಳಿಗೆ ಡಾಕ್ಟರು ಬೇಕು, ಹೆಡ್‌ಫೋನ್ ಅಲ್ಲ ಅಂದೆ. ಅಳು ರೋಗವಲ್ಲ, ಕೂಸು ಹೋದಮೇಲೆ ಹೆತ್ತವಳಿಗೆ ಉಳಿದಿರುವುದು ಅದೊಂದೇ, ಅದನ್ನೂ ಕಿತ್ತುಕೊಂಡರೆ ಸಂತೋಷವೂ ಅದರ ಜೊತೆಗೇ ಹೋಗುತ್ತದೆ ಎಂದೆಲ್ಲ ಪಾಠ ಮಾಡಿದೆ. ಅವರು ಕೋಪಿಸಿಕೊಳ್ಳಲಿಲ್ಲ.

"ಈಗ ಚೆನ್ನಾಗವ್ಳಲ್ಲವ್ವ. ಕೆಲ್ಸ ಮಾಡ್ತಾವ್ಳೆ, ಉಣ್ತಾವ್ಳೆ. ನಂಗೂ ಎಲ್ಡು ಕೂಸು ಓದ್ವು, ನನ್ನೂ ಇಂಗೇ ಕೂರ್ಸುದ್ರು. ನಾನೇನ್ ಸತ್ತೋದ್ನಾ?"

"ಆ ಕೂಸುಗಳ ಮುಖ ನೆನಪಿದೆಯಾ ಅಜ್ಜಿ?"

"ಮುಖ ಮಡೀಕೊಂಡು ಏನ್ ಮಾಡ್ಲಿ?" ಎಂದು ಅವರು ಹಸುವಿಗೆ ಬೂಸಾ ಕಲಸಲು ಹೋದರು.

ನರೇಶನದು ಬೇರೆ ವರಸೆ. ಇದು ಮೂಢನಂಬಿಕೆಯಲ್ಲ, ಸೈಂಟಿಫಿಕ್, ವಿಶ್ವನಾಥ್ ಸಾರೇ ದಿನಾ ಕೇಳುತ್ತಾರೆ ಅಂದ. ವಿಶ್ವನಾಥ್ ತನಗೆ ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುತ್ತಾರೆ, ನಿನ್ನ ಹೆಂಡತಿಯನ್ನು ಒಂದು ಮಾತು ಕೇಳಿದ್ದೀಯಾ ಅಂದೆ. ಕೇಳಿದರೂ ಅವಳು ಹೂಂ ಅಂತಾಳೆ ಟೀಚರ್ ಅಂದ. ಅದಂತೂ ನಿಜವೇ. ಚಿಕ್ಕಬೈರಪ್ಪನವರು ಪೇಪರಿನಿಂದ ತಲೆ ಎತ್ತಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹಾಲಿಗೆಂದು ಇಳಿದು ಹೋದೆ. ಬಾಡಿಗೆಯವರ ಮನೆಗೆ ಬಂದ ನೆಂಟರು ಕೂಸೊಂದನ್ನು ಎತ್ತಿಕೊಂಡು ಹೋಗುವುದನ್ನು ದಿವ್ಯಾ ಕಂಡಿದ್ದಳಂತೆ. ತಮ್ಮ ಬೇಕು ಎಂದು ಬಾಗಿಲಲ್ಲೇ ಕೂತು ಅಳುತ್ತಿದ್ದಳು. ಬಿಸ್ಕತ್ತು ಕೊಟ್ಟರು, ಗದರಿದರು. ಮಗು ಬಿಕ್ಕುವುದನ್ನು ಬಿಡಲಿಲ್ಲ.

"ಎಣ್ಮಗು ಇಂಗೆ ಅತ್ರೆ ಮನೇಗೆ ಒಳ್ಳೇದಲ್ಲ. ಅದನ್ನ ಆಕ್ಲಾ ನರೇಸ," ಅಂದರು ಚಿಕ್ಕಮುನಿಯಮ್ಮ.

ನರೇಶ್ ಹೆಂಡತಿಯ ಕಿವಿಯಿಂದ ಹೆಡ್‌ಫೋನ್ ತೆಗೆದು ಮಗಳ ಕಿವಿಗೆ ಹಾಕಿದ. ದೊಡ್ಡದಾಯಿತೆಂದು ಎರಡು ಕಡೆಯೂ ಅಂಗೈಯಲ್ಲಿ ಒತ್ತಿ ಹಿಡಿದುಕೊಂಡ. ಬೇಡ, ಮಗು ಅದು, ಎಂದು ನಾನು ಮುಂದೆ ಹೋದೆ. ನಮ್ಮನೆ ವಿಷಯ ಟೀಚರ್, ನೀವು ಸುಮ್ಮನಿರಿ ಅಂದ. ನೋಡನೋಡುತ್ತಲೇ ದಿವ್ಯಾಳ ಬಿಕ್ಕು ನಿಧಾನವಾಯಿತು. ತುಟಿ ಸಡಿಲವಾಯಿತು. ಕತ್ತು ಸಣ್ಣಗೆ ತೂಗತೊಡಗಿತು.

ಮಹಾಲಕ್ಷ್ಮಿ ಹಾಲು ಸೋಸುತ್ತಿದ್ದಳು. ಕಿವಿ ಹೀಗೆ ಖಾಲಿಯಾಗಿದ್ದು ಎಷ್ಟು ಕಾಲದ ಮೇಲೋ, ಹಿತ್ತಿಲಲ್ಲಿ ಹಸು ಕೂಗಿದ್ದಕ್ಕೆ ಬೆಚ್ಚಿಬಿದ್ದಳು. ಮಗಳನ್ನು ನೋಡಿದಳು, ತೂಗುವ ಕತ್ತನ್ನು ನೋಡಿದಳು. ಪಾತ್ರೆ ಕೆಳಗಿಟ್ಟು ಬಂದು ಗಂಡನ ಕೈಗಳನ್ನು ಬಿಡಿಸಿ, ಹೆಡ್‌ಫೋನ್ ತೆಗೆದು ಹಾಲಿನೊಳಗೆ ಮುಳುಗಿಸಿದಳು.

"ಉಚ್ಚು ಇಡೀತೇನೆ ನಿಂಗೆ?" ಅಂದರು ಅತ್ತೆ.

"ಇವ್ಳಿಗೆ ಬೇಡ," ಅಂದಳು ಮಹಾಲಕ್ಷ್ಮಿ. ದನಿ ಏರಲಿಲ್ಲ. "ನಂಗ್ ಆಕುದ್ರಿ, ಆಯ್ತು. ಇವ್ಳ ಕಿವಿ ಮುಟ್ಬೇಡಿ."

ನರೇಶ್ ಏನೋ ಹೇಳಲು ಹೋದ. ಅವಳು ಅವನ ಕಡೆ ತಿರುಗಲೇ ಇಲ್ಲ. ನೆಲದ ಮೇಲೆ ಕೂತು, ಬೊಬ್ಬೆ ಒಣಗಿದ ಅಂಗೈಯಿಂದ ಮಗಳ ಕೆನ್ನೆ ತಟ್ಟಿ ಎಚ್ಚರಿಸಿದಳು. ದಿವ್ಯಾ ಪಿಳಿಪಿಳಿ ನೋಡಿದಳು.

"ನಂಗೆ ಅಳು ಬರ್ತಾ ಇಲ್ಲ ಮಗಾ. ನಿಂಗಿನ್ನೂ ಬರ್ತದೆ. ಅಳು. ನನ್ ಪಾಲಿಂದೂ ನೀನೇ ಅತ್ಬುಡು."

ಮಗು ಅವಳ ಮುಖ ನೋಡಿ, ತಮ್ಮಾ ಎಂದು ಜೋರಾಗಿ ಅತ್ತಿತು. ಮಹಾಲಕ್ಷ್ಮಿ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ಒಣಗಣ್ಣಿನಲ್ಲೇ, ಆ ಅಳು ಮುಗಿಯುವವರೆಗೂ ಕೇಳಿಸಿಕೊಂಡಳು.