ಮ್ಯಾನೇಜರನ ಮೊದಲ ದೋಸೆ

ಆ ಫಾರ್ಮಿನಲ್ಲಿ ಮಾಲೀಕರ ಹೆಸರಿಗೆಂದು ಒಂದು ಖಾಲಿ ಜಾಗವಿತ್ತು. ಅದನ್ನು ತುಂಬಿ ಸಹಿ ಹಾಕದೆ ಆಪರೇಷನ್ ಮಾಡುವಂತಿಲ್ಲ ಎಂದಳು ಕ್ಲಿನಿಕ್ಕಿನ ಕೌಂಟರಿನಲ್ಲಿದ್ದ ಹುಡುಗಿ. ನಾನು ಶೇಖರನ ಮುಖ ನೋಡಿದೆ. ಶೇಖರ ನನ್ನ ಮುಖ ನೋಡಿದ. ನಾಯಿ ನಮ್ಮಿಬ್ಬರದೂ ಅಲ್ಲ.

ಮುಂಬಯಿಯ ವಡಾಲದ ನಮ್ಮ ಬಿಲ್ಡಿಂಗಿಗೂ ಎದುರಿನ ಉಡುಪಿ ಹೋಟೆಲಿಗೂ ನಡುವಿನ ಗಲ್ಲಿಯಲ್ಲಿ ಒಂಬತ್ತು ವರ್ಷದಿಂದ ಇದ್ದ ನಾಯಿ ಅದು. ಹೋಟೆಲಿನ ಹಿಂಬಾಗಿಲ ಮೆಟ್ಟಿಲ ಬಳಿ ಕೂತು, ಒಳಗೆ ಹೋಗುವ ಹಾಲಿನ ಕ್ರೇಟು, ತರಕಾರಿ ಬುಟ್ಟಿ, ಗ್ಯಾಸ್ ಸಿಲಿಂಡರುಗಳನ್ನು ಒಂದೊಂದಾಗಿ ದಿಟ್ಟಿಸುತ್ತಿದ್ದುದರಿಂದ ಅಲ್ಲಿನವರು ಅವನಿಗೆ ಮ್ಯಾನೇಜರ್ ಎಂದು ಹೆಸರಿಟ್ಟಿದ್ದರು. ಆ ಬುಧವಾರ ಗಲ್ಲಿಯೊಳಗೆ ರಿವರ್ಸ್ ಬರುತ್ತಿದ್ದ ಟೆಂಪೋವೊಂದು ಅವನ ಬಲ ಹಿಂಗಾಲಿನ ಮೇಲೆ ಹತ್ತಿತು. ಹೋಟೆಲಿನಲ್ಲಿ ದೋಸೆ ಹುಯ್ಯುವ ಶೇಖರ ಏಪ್ರನ್ ಕೂಡ ಬಿಚ್ಚದೆ ಅವನನ್ನು ಎತ್ತಿಕೊಂಡು ಓಡಿ ಬಂದ. ಕಿಟಕಿಯಿಂದ ನೋಡಿದ ನಾನು ಪರ್ಸ್ ಹಿಡಿದುಕೊಂಡು ಅವನ ಹಿಂದೆ ಟ್ಯಾಕ್ಸಿ ಹತ್ತಿದೆ.

"ಮೂಳೆ ಪೂರ್ತಿ ಪುಡಿ ಆಗಿದೆ, ಆಂಟಿ," ಎಂದಿದ್ದಳು ಡಾಕ್ಟರ್ ಜ್ಯೋತ್ಸ್ನಾ. ಮಂಗಳೂರು ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಕನ್ನಡವನ್ನು ಹುಡುಕಿ ಹುಡುಕಿ ಆಡುತ್ತಾಳೆ. "ಕಾಲು ಇಟ್ರೆ ಜಾನ್ ಜಾಯೇಗಿ, ಜೀವ ಹೋಗುತ್ತೆ. ತೆಗೆದ್ರೆ ಉಳೀಬಹುದು."

ಶೇಖರ ನನ್ನನ್ನು ಪಕ್ಕಕ್ಕೆ ಕರೆದ. "ಬೇಡ ಅಮ್ಮ. ಮೂರು ಕಾಲಲ್ಲಿ ಗಲ್ಲಿಯಲ್ಲಿ ಅವನದ್ದು ಎಂಥ ಬದುಕು ಮಾರಾಯ್ರೆ? ಒಂದು ಇಂಜೆಕ್ಷನ್ ಕೊಟ್ಟು ನಿದ್ದೆ ಮಾಡಿಸುದು ಒಳ್ಳೇದು. ನರಳ್ಸುದು ಪಾಪ."

ಅವನ ಕಣ್ಣು ಕೆಂಪಾಗಿತ್ತು. ಅವನು ಹೇಳಿದ್ದರಲ್ಲಿ ಕ್ರೌರ್ಯ ಇರಲಿಲ್ಲ. ಆದರೂ ನಾನು ಪೆನ್ನು ತೆಗೆದುಕೊಂಡು ಸಹಿ ಹಾಕಿದೆ. ಯೋಚಿಸಿ ಹಾಕಿದೆ ಎಂದು ಹೇಳಲಾರೆ. ಮೇಜಿನ ಮೇಲೆ ಮಲಗಿದ್ದ ಮ್ಯಾನೇಜರನ ಬಾಲ ನನ್ನ ದನಿ ಕೇಳಿ ಒಮ್ಮೆ ಅಲುಗಿತು, ಅಷ್ಟೇ.

ಫೈಲಿನ ಮೇಲೆ ಕೌಂಟರಿನ ಹುಡುಗಿ ನನ್ನ ಯಜಮಾನರ ಹೆಸರು ಸೇರಿಸಿ "ಮ್ಯಾನೇಜರ್ ರಾಮಸ್ವಾಮಿ" ಎಂದು ಬರೆದಿದ್ದಳು. ಮನೆಯಲ್ಲಿ ಅದನ್ನು ಓದಿ ಅವರು ಕನ್ನಡಕ ತೆಗೆದರು. "ಪೋರ್ಟ್ ಆಫೀಸಲ್ಲಿ ಮೂವತ್ತಾರು ವರ್ಷ ಕೂತು ನಾನು ಸೂಪರಿಂಟೆಂಡೆಂಟಿಗೇ ನಿಂತೆ. ಮನೇಲಿ ಒಬ್ಬನಾದ್ರೂ ಮ್ಯಾನೇಜರ್ ಆದನಲ್ಲ ಬಿಡೇ," ಎಂದರು. ಆಮೇಲೆ ನಡುಮನೆಯ ಸೋಫಾವನ್ನು ತಾವೇ ಗೋಡೆಗೆ ತಳ್ಳಿ ಅವನಿಗೆ ಜಾಗ ಮಾಡಿದರು.

ಮೂರನೆಯ ದಿನಕ್ಕೆ ತಾನೇ ಎದ್ದು ನಿಲ್ಲಲು ನೋಡುತ್ತಾನೆ ಎಂದು ಡಾಕ್ಟರ್ ಹೇಳಿದ್ದಳು. ಮೂರು ದಿನ ಕಳೆಯಿತು. ಅವನು ಮಲಗಿದ ಕಡೆಯೇ ಮಲಗಿದ್ದ. ಹೊಲಿಗೆ ನೆಕ್ಕದ ಹಾಗೆ ಕತ್ತಿಗೆ ಕಟ್ಟಿದ ಪ್ಲಾಸ್ಟಿಕ್ ಕಾಲರಿನೊಳಗಿಂದ ನನ್ನನ್ನು ನೋಡುತ್ತಿದ್ದ. ಎರಡು ಗಂಟೆಗೊಮ್ಮೆ ನಾನು ಹಳೆಯ ಸ್ನಾನದ ಟವೆಲನ್ನು ಅವನ ಹೊಟ್ಟೆಯ ಕೆಳಗೆ ತೂರಿಸಿ, ಎರಡೂ ತುದಿ ಹಿಡಿದು ಎತ್ತಿ ಬಾಲ್ಕನಿಯವರೆಗೆ ಒಯ್ಯುತ್ತಿದ್ದೆ. ಇಪ್ಪತ್ತು ಕೆ.ಜಿ. ಭಾರ, ನನಗೆ ಎಪ್ಪತ್ತೆರಡು. ಸೊಂಟ ಹಿಡಿಯುತ್ತಿತ್ತು. ಆದರೆ ಎತ್ತದೆ ಹೇಗಿರಲಿ? ಒಮ್ಮೆ ಎತ್ತದೆ ಬಿಟ್ಟಾಗ ಮುಂಗಾಲೂರಿ ಎದ್ದವನು ಟೈಲ್ಸಿನ ಮೇಲೆ ಜಾರಿ, ಗಾಯದ ಮೇಲೆಯೇ ಬಿದ್ದು ಕಿರುಚಿದ್ದ. ಆ ಕಿರುಚು ಪಾತ್ರೆ ತೊಳೆಯುವಾಗಲೂ ನನಗೆ ಕೇಳಿಸುತ್ತಿತ್ತು.

ಸಹಿ ನನ್ನ ಕೈಯದು. ಹೋದದ್ದು ಅವನ ಕಾಲು. ಏಳದಿದ್ದರೆ ಶೇಖರ ಹೇಳಿದ್ದೇ ಸರಿಯಾಗುತ್ತದೆ. ಸುಮ್ಮನೆ ನರಳಿಸಿದವಳು ನಾನಾಗುತ್ತೇನೆ.

ಬಿಲ್ಡಿಂಗಿನವರು ಬಂದು ನೋಡಿ ಹೋಗುತ್ತಿದ್ದರು. ಮೂರನೆಯ ಮಹಡಿಯ ಗುಜರಾತಿ ಹೆಂಗಸು, ಬೆಲ್ ಒತ್ತಿದರೆ ನಾಯಿ ಬೆಚ್ಚೀತೆಂದು ಹಳೆಯ ಬೆಡ್‌ಶೀಟುಗಳನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗಿದ್ದಳು. ವಾಚ್‌ಮನ್ ಯಲ್ಲಾಲಿಂಗ ನಮ್ಮ ಕಿಟಕಿಯ ಎದುರು ಬರುವ ಸ್ಕೂಟರುಗಳ ಇಂಜಿನ್ ಆರಿಸಿ ತಳ್ಳಿಸುತ್ತಿದ್ದ. ಹಿಂದಿನ ಸಾಲುಮನೆಗಳ ಚಾಳಿನಲ್ಲಿರುವ ಶೇಖರನ ಹೆಂಡತಿ ಸೇವಂತಿ ದಿನವೂ ಹನ್ನೊಂದಕ್ಕೆ ಬಂದು, ನಾನು ಸ್ನಾನ, ಪೂಜೆ, ಅಡಿಗೆ ಮುಗಿಸುವ ತನಕ ಅವನ ಪಕ್ಕ ಕೂರುತ್ತಿದ್ದಳು.

ಮುಂದಿನ ವಾರದ ಗುರುವಾರ ಮಧ್ಯಾಹ್ನ ಊಟಕ್ಕೆ ತಟ್ಟೆ ಹಾಕಿ ಬಂದು ನೋಡುತ್ತೇನೆ, ಗಾಯದ ಮೇಲಿನ ಬ್ಯಾಂಡೇಜು ಹಳದಿಯಾಗಿ ಒದ್ದೆಯಾಗಿತ್ತು.

ಕೀವು ಎಂದುಕೊಂಡೆ. "ರೀ" ಎಂದು ಕೂಗಿದ್ದಷ್ಟೇ ನೆನಪು. ರಾಮಸ್ವಾಮಿಯವರು ಅರ್ಧ ಉಂಡ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ಬಂದರು. ಅವರು ಪಂಚೆಗೆ ಕೈ ಒರೆಸಿದ್ದನ್ನು ನಾನು ನಲವತ್ತೆಂಟು ವರ್ಷದಲ್ಲಿ ನೋಡಿರಲಿಲ್ಲ. ಯಲ್ಲಾಲಿಂಗ ಟ್ಯಾಕ್ಸಿ ತಂದ. ನಾಯಿಯನ್ನು ಕಂಡರೆ ಒಲ್ಲೆ ಎನ್ನುತ್ತಾನೇನೋ ಎಂದು ನಾನು ಹೆದರುತ್ತಿರುವಾಗ ಡ್ರೈವರ್ ಹೆಗಲ ಮೇಲಿದ್ದ ತನ್ನ ಟವೆಲನ್ನೇ ತೆಗೆದು ಹಿಂದಿನ ಸೀಟಿಗೆ ಹಾಸಿದ. ದಾರಿಯುದ್ದಕ್ಕೂ ಸ್ಪೀಡ್ ಬ್ರೇಕರುಗಳನ್ನು ಮೊಟ್ಟೆಯ ಮೇಲೆ ನಡೆದ ಹಾಗೆ ದಾಟಿದ.

ಡಾಕ್ಟರ್ ಜ್ಯೋತ್ಸ್ನಾ ಬ್ಯಾಂಡೇಜು ಬಿಚ್ಚಿ ಬೆಳಕಿಗೆ ಹಿಡಿದಳು. ಮೂಗಿನ ಹತ್ತಿರ ತಂದಳು. ಇನ್ನೊಮ್ಮೆ ಮೂಸಿದಳು.

"ಆಂಟಿ, ಇದು ಪಸ್ ಅಲ್ಲ. ಹಲ್ದಿ, ಅರಿಶಿನ. ಮತ್ತೆ ತೆಂಗಿನೆಣ್ಣೆ. ನಮ್ಮ ಅಜ್ಜಿಯ ರೂಮ್ ಹೀಗೇ ಸ್ಮೆಲ್ ಬರ್ತಿತ್ತು."

ಯಾರ ಕೆಲಸವೆಂದು ನನಗೆ ತಕ್ಷಣ ಗೊತ್ತಾಯಿತು. ಮೈಸೂರು ಕಡೆಯ ನಮ್ಮ ಮನೆಯಲ್ಲಿ ಗಾಯಕ್ಕೆ ತೆಂಗಿನೆಣ್ಣೆ ಹಾಕುವವರಿಲ್ಲ; ಅದು ಸೇವಂತಿಯ ಊರ ಕಡೆಯ ಮದ್ದು.

"ಕಾಲರ್ ಕೂಡ ತೆಗೆದಿದ್ರು ಅನ್ಸುತ್ತೆ. ಎಣ್ಣೆ ಅಂತ ಅವನು ನೆಕ್ಕಿದಾನೆ. ಎರಡು ಸ್ಟಿಚ್ ಲೂಸ್ ಆಗಿದೆ," ಎಂದು ಅವಳು ಶುಚಿ ಮಾಡಿ ಎರಡು ಹೊಲಿಗೆ ಹೊಸದಾಗಿ ಹಾಕಿದಳು. ಕೈ ತೊಳೆಯುತ್ತ ನನ್ನ ಹೆಗಲ ಮೇಲಿದ್ದ ಟವೆಲ್ ನೋಡಿದಳು. "ಅದು ಯಾಕೆ?"

"ಅವನನ್ನು ಎತ್ತೋದಕ್ಕೆ."

"ತಾನೇ ದಿನಕ್ಕೆ ಎಷ್ಟು ಸಲ ಏಳ್ತಾನೆ?"

"ನಾನೇ ಎತ್ತುತ್ತೀನಲ್ಲಮ್ಮ," ಎಂದೆ.

ಅವಳು ಸ್ಟೂಲ್ ಎಳೆದುಕೊಂಡು ನನ್ನ ಎದುರು ಕೂತಳು. "ಅದೇ ಪ್ರಾಬ್ಲಮ್, ಆಂಟಿ. ಒಬ್ರು ಎಣ್ಣೆ ಹಚ್ತಾರೆ, ಒಬ್ರು ಎತ್ತುತಾರೆ. ನಿಮ್ಗೆಲ್ಲ ಪ್ರೀತಿ ಬಹುತ್ ಜಾಸ್ತಿ. ಅವನು ಯಾಕೆ ಏಳ್ಬೇಕು? ಗಿರ್ನೇ ದೋ. ಬೀಳ್ಲಿ."

"ಬಿದ್ದು ಏಳಲೇ ಇಲ್ಲ ಅಂದ್ರೆ?"

"ಇರೋ ಕಾಲೂ ಸಣ್ಣ ಆಗುತ್ತೆ. ಸೋಮವಾರ ಕರ್ಕೊಂಡು ಬನ್ನಿ. ಅಷ್ಟರಲ್ಲಿ ನಿಲ್ಬೇಕು." ಅವಳು ಔಷಧಿ ಚೀಟಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಬರೆಯುತ್ತಾ ಕೂತಳು.

ಮನೆಗೆ ಬಂದಾಗ ಸೇವಂತಿ ಬಾಗಿಲ ಹೊರಗೆ ನಿಂತಿದ್ದಳು. ಯಲ್ಲಾಲಿಂಗ ಹೇಳಿರಬೇಕು. ಸೆರಗನ್ನು ಬೆರಳಿಗೆ ಸುತ್ತುತ್ತಾ, "ಊರಲ್ಲಿ ದನದ ಕಾಲಿಗೆ ಗಾಯ ಆದ್ರೆ ನಾವು ಅದನ್ನೇ ಹಚ್ಚುದು ಅಮ್ಮ. ಎರಡೇ ದಿನದಲ್ಲಿ ಒಣಗ್ತದೆ. ಆ ಪ್ಲಾಸ್ಟಿಕ್ ಬುಟ್ಟಿಯೊಳಗೆ ಅವನ ಮುಖ ನೋಡ್ಲಿಕ್ಕೆ ನನಗೆ ಆಗ್ಲಿಲ್ಲ. ಐದು ನಿಮಿಷ ಅಂತ ತೆಗೆದೆ," ಎಂದಳು. "ಇನ್ನು ನಾನು ಬರುದಿಲ್ಲ."

"ನೀನು ಎಣ್ಣೆ ಹಚ್ಚಿದೆ, ನಾನು ಟವೆಲ್ ಹಿಡಿದೆ. ಇಬ್ಬರಿಗೂ ಡಾಕ್ಟರ್ ಒಟ್ಟಿಗೇ ಬೈದಿದ್ದಾಳೆ," ಎಂದೆ. "ಬಾ ಒಳಗೆ. ನಾನೊಬ್ಬಳೇ ಇದ್ದರೆ ಮತ್ತೆ ಎತ್ತಿಬಿಡ್ತೀನಿ."

ಟೈಲ್ಸಿನ ಸಂಗತಿ ಹೊಳೆದದ್ದು ರಾಮಸ್ವಾಮಿಯವರಿಗೆ. "ಕಾಲುಚೀಲ ಹಾಕಿಕೊಂಡು ಇದರ ಮೇಲೆ ನಡೆಯೋಕೆ ನನಗೇ ಭಯ ಕಣೇ. ನೀನು ದಿನಕ್ಕೆರಡು ಸಲ ಒರೆಸಿ ಕನ್ನಡಿ ಮಾಡಿಟ್ಟಿದೀಯ. ಅದು ಮೂರು ಕಾಲಲ್ಲಿ ಹೇಗೆ ನಿಂತೀತು?" ಶೇಖರ ಹೋಟೆಲಿನಿಂದ ಅಕ್ಕಿಯ ಗೋಣಿಚೀಲಗಳನ್ನು ತಂದ. ಸೇವಂತಿ ಅವುಗಳನ್ನು ಬಿಚ್ಚಿ, ಒಂದಕ್ಕೊಂದು ಸೇರಿಸಿ ದಬ್ಬಳದಲ್ಲಿ ಹೊಲಿದಳು. ನಡುಮನೆಯಿಂದ ಬಾಲ್ಕನಿಯವರೆಗೆ ಗೋಣಿಯ ದಾರಿಯಾಯಿತು. ನಾನು ಟವೆಲನ್ನು ಒಗೆದು ಮಡಿಸಿ ಬೀರುವಿನಲ್ಲಿಟ್ಟೆ.

ಶುಕ್ರವಾರ ಅವನು ಏಳಲಿಲ್ಲ. ಬಾಲ್ಕನಿಯ ಕಡೆ ನೋಡಿದ, ನನ್ನ ಕಡೆ ನೋಡಿದ, ಟವೆಲಿಗಾಗಿ ಕಾದ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುರ್ಚಿಯಲ್ಲಿ ಕೂತೆ. ಕೊನೆಗೆ ಮಲಗಿದಲ್ಲಿಯೇ ಒದ್ದೆ ಮಾಡಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ. ಒಂಬತ್ತು ವರ್ಷದಲ್ಲಿ ಹೋಟೆಲಿನ ಮೆಟ್ಟಿಲನ್ನು ಒಮ್ಮೆಯೂ ಹೊಲಸು ಮಾಡದ ಪ್ರಾಣಿ ಅದು. ನಾನು ಗೋಣಿ ಬದಲಿಸುವಾಗ ಅವನ ಕಣ್ಣನ್ನು ನೋಡಲಿಲ್ಲ. ಶನಿವಾರವೂ ಹಾಗೆಯೇ ಹೋಯಿತು. ಉಳಿದ ಹಿಂಗಾಲನ್ನು ಮುಟ್ಟಿ ನೋಡಿದೆ. ತೊಡೆ ನಿನ್ನೆಗಿಂತ ತೆಳುವಾದ ಹಾಗೆ ಅನಿಸಿತು. ಭ್ರಮೆ ಇರಬಹುದು. ಸಂಜೆ ಮತ್ತೆ ಮುಟ್ಟಿದೆ. ಮತ್ತೆ ಹಾಗೆಯೇ ಅನಿಸಿತು.

ಆ ಸಂಜೆ ಶೇಖರ ಬಂದು ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಅವನನ್ನು ನೋಡಿದ. "ನಾನು ಹೇಳಿದ್ದೆ" ಎಂದು ಎಲ್ಲಿ ಅಂದಾನೋ ಎಂದು ನಾನು ಕಾದೆ.

"ನಾಳೆ ಬೆಳಿಗ್ಗೆ ಇವನನ್ನು ಡ್ಯೂಟಿಗೆ ಕಳಿಸಿ ಅಮ್ಮ," ಎಂದ. "ಹತ್ತು ದಿನ ರಜೆ ಆಯ್ತು. ಮೊದಲನೇ ದೋಸೆ ಎಲ್ಲ ಕಾಗೆ ತಿಂದು ಕೊಬ್ಬಿದೆ."

ಆ ಹೋಟೆಲಿನಲ್ಲಿ ಬೆಳಗಿನ ಮೊದಲ ದೋಸೆಯನ್ನು ಗಿರಾಕಿಗೆ ಕೊಡುವುದಿಲ್ಲ. ಕಾವಲಿ ಹದಕ್ಕೆ ಬಂದಿದೆಯೋ ಇಲ್ಲವೋ ನೋಡಲು ಹುಯ್ಯುವ ದೋಸೆ ಅದು. ಶೇಖರ ಅದನ್ನು ಎಣ್ಣೆ ಹಾಕದೆ ತೆಗೆದು ಹಿಂಬಾಗಿಲ ಮೆಟ್ಟಿಲ ಮೇಲೆ ಪೇಪರಿನಲ್ಲಿಡುತ್ತಾನೆ. ಅದು ಮ್ಯಾನೇಜರನದು. ಎದುರಿನ ಕೇಬಲ್ಲಿನ ಮೇಲೆ ಒಂದು ಕಾಗೆ ಕೂತಿರುತ್ತದೆ. ಅದಕ್ಕೂ ಆ ದೋಸೆಯ ಮೇಲೆ ಕಣ್ಣು. ವರ್ಷಗಳಿಂದ ನನ್ನ ಕಿಟಕಿಯಿಂದ ಅವರ ಜಗಳ ನೋಡಿಯೇ ನಾನು ಕಾಫಿ ಕುಡಿಯುತ್ತಿದ್ದದ್ದು. ಮ್ಯಾನೇಜರ್ ಒಮ್ಮೆಯೂ ಸೋತಿರಲಿಲ್ಲ.

ಭಾನುವಾರ ಬೆಳಿಗ್ಗೆ ಐದೂವರೆಗೆ ಶೇಖರ ಮತ್ತು ಯಲ್ಲಾಲಿಂಗ ಗೋಣಿಯ ನಾಲ್ಕು ಮೂಲೆ ಹಿಡಿದು ಅವನನ್ನು ಗಲ್ಲಿಗೆ ಒಯ್ದರು. ಮೆಟ್ಟಿಲ ಹತ್ತಿರ ಇಡಿ ಎಂದೆ. ಶೇಖರ ಕೇಳಲಿಲ್ಲ. ಹತ್ತು ಹೆಜ್ಜೆ ಹಿಂದೆ, ತನ್ನ ಸೈಕಲ್ ನಿಲ್ಲಿಸಿದ್ದ ಗೋಡೆಯ ಬಳಿ ಇಟ್ಟು ಕತ್ತಿನ ಕಾಲರ್ ಬಿಚ್ಚಿದ. "ಸ್ವಲ್ಪ ಹೊತ್ತಿಗೆ ಡಾಕ್ಟರ್ ಕ್ಷಮಿಸ್ಲಿ," ಎಂದು ಒಳಗೆ ಹೋದ. ರಾಮಸ್ವಾಮಿಯವರು ಮಫ್ಲರ್ ಕಟ್ಟಿಕೊಂಡು ನಮ್ಮ ಗೇಟಿಗೆ ಒರಗಿ ನಿಂತರು. ನಾನೂ ಸೇವಂತಿಯೂ ತಲೆಕೆಳಗಾಗಿಟ್ಟ ಹಾಲಿನ ಕ್ರೇಟುಗಳ ಮೇಲೆ ಕೂತೆವು. ಏನಾದರೂ ಆದರೆ ಇರಲಿ ಎಂದು ಬೀರುವಿನಿಂದ ಟವೆಲನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದೆ. ಸೇವಂತಿ ಅದನ್ನು ನೋಡಿದಳು.

ಒಳಗೆ ಕಾದ ಕಾವಲಿಯ ಮೇಲೆ ನೀರು ಬಿತ್ತು. ಚುಂಯ್ ಎಂದಿತು. ಪೊರಕೆಯಿಂದ ಗುಡಿಸಿದ ಸದ್ದು. ಮ್ಯಾನೇಜರನ ಎರಡೂ ಕಿವಿ ನಿಮಿರಿದವು. ಇನ್ನೊಮ್ಮೆ ಚುಂಯ್. ಹಿಟ್ಟು ಹರಡುವ ಸದ್ದು, ಸಟ್ಟುಗ ಕೆರೆಯುವ ಸದ್ದು. ಶೇಖರ ಹೊರಗೆ ಬಂದು ಮೆಟ್ಟಿಲ ಮೇಲೆ ಪೇಪರಿಟ್ಟು, ಅದರ ಮೇಲೆ ದೋಸೆಯಿಟ್ಟು, ಹಿಂದೆ ಸರಿದು ಬಾಗಿಲಲ್ಲಿ ನಿಂತ.

ಮ್ಯಾನೇಜರ್ ಮೂಗೆತ್ತಿದ. ಮುಂಗಾಲುಗಳನ್ನು ಊರಿದ. ಎದೆ ಮೇಲೆದ್ದಿತು. ಸೊಂಟ ಏಳಲಿಲ್ಲ. ನನ್ನ ಕಡೆ ತಿರುಗಿ ನೋಡಿದ.

"ಶೇಖರ, ಅರ್ಧ ಮುರಿದು ಇಲ್ಲಿ ಹತ್ತಿರ ಇಡಪ್ಪ," ಎಂದೆ.

"ಅಮ್ಮ, ನೀವು ಆ ಕಡೆ ನೋಡಿ. ನಿಮ್ಮ ಮುಖ ನೋಡ್ತಾ ಕೂತ್ರೆ ಅವನು ಹೇಗೆ ಎದ್ದಾನು?"

ನಾನು ಆ ಕಡೆ ನೋಡಿದೆ. ಗೋಡೆಯಲ್ಲಿ ಒಂದು ಪೈಪು ಸೋರುತ್ತಿತ್ತು. ಹನಿಗಳನ್ನು ಎಣಿಸಿದೆ. ಇಪ್ಪತ್ತು, ಮೂವತ್ತು. ದೋಸೆಯ ಹಬೆ ನಿಂತಿರಬೇಕು. ಮ್ಯಾನೇಜರ್ ಗದ್ದವನ್ನು ಮತ್ತೆ ಗೋಣಿಯ ಮೇಲೆ ಇಟ್ಟ ಸಪ್ಪಳ ಕೇಳಿತು. ನಾಳೆ ಸೋಮವಾರ. ಡಾಕ್ಟರ್ ಏನು ಹೇಳುತ್ತಾಳೆ, ನಿದ್ದೆಯ ಇಂಜೆಕ್ಷನ್ನಿಗೆ ಇನ್ನೊಂದು ಫಾರ್ಮ್ ಕೊಡುತ್ತಾಳೆಯೇ, ಅದಕ್ಕೂ ನಾನೇ ಸಹಿ ಹಾಕಬೇಕೇ ಎಂದು ಹನಿಗಳ ನಡುವೆ ಯೋಚನೆ ಬಂತು.

ಆಗ ರೆಕ್ಕೆಯ ಸದ್ದಾಯಿತು. ಕಾಗೆ ಮೆಟ್ಟಿಲಿಗೆ ಇಳಿದಿತ್ತು. ಹತ್ತು ದಿನ ಅಡ್ಡಿಯಿಲ್ಲದೆ ತಿಂದ ಧೈರ್ಯದಲ್ಲಿ ಅದು ನೇರ ದೋಸೆಯ ಮೇಲೆಯೇ ಕಾಲಿಟ್ಟು ಅಂಚನ್ನು ಹರಿಯಿತು.

ಮ್ಯಾನೇಜರನ ಗಂಟಲಿನಿಂದ ಗುರ್ ಎಂದು ಹೊರಟಿತು. ಕಾಲಿದೆಯೋ ಇಲ್ಲವೋ ಅವನಿಗೆ ಆ ಕ್ಷಣ ನೆನಪಿರಲಿಲ್ಲವೆಂದು ಕಾಣುತ್ತದೆ. ಎದ್ದ. ಎದ್ದು ಎರಡು ಹೆಜ್ಜೆ ಹಾರಿದ, ಬಲಗಡೆಗೆ ವಾಲಿ ಧೊಪ್ಪೆಂದು ಬಿದ್ದ.

ನಾನು ಕ್ರೇಟಿನಿಂದ ಎದ್ದಿದ್ದೆ, ಟವೆಲ್ ಕೈಗೆ ಬಂದಿತ್ತು. ಸೇವಂತಿ ನನ್ನ ಮಣಿಕಟ್ಟು ಹಿಡಿದಳು. ನಾನು ಎಳೆದರೂ ಬಿಡಲಿಲ್ಲ. "ಬೇಡ ಅಮ್ಮ," ಎಂದಳು. "ಬೇಡ."

ಅವನು ಕಿರುಚಲಿಲ್ಲ. ಕಾಗೆಯನ್ನೇ ನೋಡುತ್ತಿದ್ದ. ಮುಂಗಾಲೂರಿದ, ಉಳಿದ ಹಿಂಗಾಲನ್ನು ಹೊಟ್ಟೆಯ ನಡುವಿಗೆ ಎಳೆದುಕೊಂಡ, ಅಲ್ಲಾಡುತ್ತಾ ಎದ್ದ. ಮೂರು ಕಾಲಿನ ಮೇಲೆ ನಿಂತು ಒಮ್ಮೆ ಬೊಗಳಿದ. ಆ ಸದ್ದಿಗೆ ತಾನೇ ಒಂದಿಷ್ಟು ಓಲಾಡಿದ. ಕಾಗೆ ಉಳಿದ ದೋಸೆಯನ್ನು ಪೂರ್ತಿ ಕಚ್ಚಿಕೊಂಡು ಕೇಬಲ್ಲಿಗೆ ಹಾರಿತು.

"ಮೊದಲನೇ ಸಲ ಸೋತ!" ಎಂದರು ಗೇಟಿನಿಂದ ರಾಮಸ್ವಾಮಿಯವರು.

"ಸೋತದ್ದು ಎಲ್ಲಿ ಸ್ವಾಮಿ? ಕಾವಲಿ ಇನ್ನೂ ಹದಕ್ಕೆ ಬರ್ಲಿಲ್ಲ. ಇನ್ನೊಂದು ಹಾಕ್ಬೇಕು," ಎಂದು ಶೇಖರ ಒಳಗೆ ಓಡಿದ. ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡದ್ದನ್ನು ನಾನು ನೋಡಿದೆ.

ಚುಂಯ್ ಎಂಬ ಸದ್ದು ಮತ್ತೆ ಬಂತು. ಮ್ಯಾನೇಜರ್ ಮೆಟ್ಟಿಲ ಕಡೆಗೆ ಹೋಗಲಿಲ್ಲ. ಎರಡು ದಿನದಿಂದ ಸರಿಯಾಗಿ ಮಾಡಲಾಗದ ಕೆಲಸವೊಂದು ನೆನಪಾದವನಂತೆ ನಿಧಾನವಾಗಿ ತಿರುಗಿ, ಒಂದೊಂದು ಹೆಜ್ಜೆಗೂ ನಿಂತು ಲೆಕ್ಕ ಹಾಕುತ್ತಾ, ಗೋಡೆಗೆ ಒರಗಿದ್ದ ಶೇಖರನ ಸೈಕಲ್ಲಿನ ಹತ್ತಿರ ಹೋದ. ಮುಂದಿನ ಚಕ್ರವನ್ನು ಮೂಸಿದ. ಆಮೇಲೆ ಎಂದಿನಂತೆ ಬಲಗಾಲನ್ನೇ ಎತ್ತಿದ. ಅಲ್ಲಿ ಕಾಲಿರಲಿಲ್ಲ. ಹೊಲಿಗೆ ಹಾಕಿದ ಸೊಂಟ ಮಾತ್ರ ತುಸು ಮೇಲಕ್ಕೆ ಸರಿಯಿತು.

ಸೇವಂತಿ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. ಅವನು ಮುಗಿಸುವ ತನಕ ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ಅವನು ಬೀಳಲಿಲ್ಲ.